ಬೀಗರಿಗೆ ಕಲಿಸಿದ ವಾಸನೆಯ ಧ್ಯಾನ

ವಾಸನೆಯನ್ನು ಗಮನಿಸುತ್ತ ನಡೆಯುವುದೂ ಒಂದು ವಿದ್ಯೆ. ಮೊಬೈಲಿನಲ್ಲಿ ಒಂದೆರಡು ವಿಡಿಯೋ ನೋಡಿ ನಾನು ಅದನ್ನು ಸಂಪೂರ್ಣ ಕರಗತ ಮಾಡಿಕೊಂಡಿದ್ದೆ. ನಿಧಾನವಾಗಿ ನಡೆಯಬೇಕು, ಕಣ್ಣು ಮುಚ್ಚಬೇಕು, ಮೂಗಿಗೆ ಬಂದದ್ದನ್ನು ಸುಮ್ಮನೆ ಗಮನಿಸಬೇಕು. ಇದರಲ್ಲಿ ಕೆಡುವುದಕ್ಕೆ ಏನಿದೆ?

ಗಜೇಂದ್ರಗಡದಲ್ಲಿ ನನ್ನದೊಂದು ಸೀರೆ ಅಂಗಡಿ. ಆ ಭಾನುವಾರ ಮಗಳು ನೂರಿಯನ್ನು ನೋಡಲು ನರೇಗಲ್‌ನಿಂದ ಗಂಡಿನ ಕಡೆಯವರು ಬಂದಿದ್ದರು. ಒಳ್ಳೆಯ ಮನೆತನ, ಹುಡುಗ ಶಾಲಾ ಮಾಸ್ತರ. ಅಡಿಗೆ ಇನ್ನೂ ಒಲೆಯ ಮೇಲಿತ್ತು. ಹೆಂಡತಿ ರಜಿಯಾ ನನ್ನನ್ನು ಪಕ್ಕಕ್ಕೆ ಕರೆದಳು.

"ಹುಡುಗನ ಅಪ್ಪಾರನ್ನ ಗುಡ್ಡದ ಕಡೆ ಅಡ್ಡಾಡಿಸ್ಕೊಂಡು ಬರ್ರಿ. ಭಾಳ ಮಾತಾಡಬ್ಯಾಡ್ರಿ."

ಗುಡ್ಡದ ದಾರಿಯಲ್ಲಿ ನಾನು ಮಾತಾಡಲಿಲ್ಲ. ಪಾಠ ಮಾಡಿದೆ!

"ಕಣ್ಣ ಮುಚ್ಚರಿ ಮಾಬುಸಾಬ್ರ, ಉಸರ ಎಳೀರಿ. ಏನ್ ವಾಸನಿ ಬರ್ತೈತಿ?"

"ಆಡಿನ ವಾಸನಿ ರೀ," ಎಂದರು ಅವರು, ಸಂಬಂಧದ ಮರ್ಯಾದೆಗೆ ಕಣ್ಣು ಮುಚ್ಚಿಯೇ.

"ಚಲೋ! ಮುಂದ?"

"ಹೊಗಿ ವಾಸನಿ ಬರಾಕತ್ತೈತ್ರಿ. ತಿರುಗಿ ಹೋಗೂಣೇನ್ರಿ?"

"ಯಾರೋ ಸೀತನಿ ಸುಡಾಕತ್ತಾರ. ಬರ್ರಿ, ಬಿಸಿಬಿಸಿ ತಿನ್ನೂಣು!"

ಕೆಂಡದಲ್ಲಿ ಬೇಯುವ ಎಳೆಯ ಜೋಳದ ತೆನೆಯ ಪರಿಮಳ ನನಗಂತೂ ಸ್ಪಷ್ಟವಾಗಿ ಬರುತ್ತಿತ್ತು. ಅದು ಸೀತನಿಯ ಕಾಲವೇ ಅಲ್ಲ ಎಂಬುದು ಹೊಳೆಯಲಿಲ್ಲ. ಅವರ ಕೈ ಹಿಡಿದು, ನಾನೂ ಕಣ್ಣು ಮುಚ್ಚಿ, ಹೊಗೆಯ ಕಡೆಗೆ ನಡೆಸಿದೆ. ಎದುರಿನಿಂದ ಯಾರೋ "ಬರಬ್ಯಾಡ್ರೀ!" ಎಂದು ಕೂಗಿದರು. ಗಾಳಿಯಲ್ಲಿ ನನಗೆ ಕೇಳಿಸಿದ್ದು "ಬರ್ರೀ" ಅಷ್ಟೇ.

"ನೋಡ್ರಿ, ಕರಿಯಾಕತ್ತಾರ," ಎಂದೆ. ನಮ್ಮ ಭಾಗದ ಜನರ ಆತಿಥ್ಯದ ಬಗ್ಗೆ ಎರಡು ಮಾತನ್ನೂ ಸೇರಿಸಿದೆ.

ಕಣ್ಣು ತೆರೆದಾಗ ಕಂಡದ್ದು, ಕಂಬಳಿ ಹೊದ್ದು ಹೊಗೆ ಹಾಕಿ ಜೇನು ಬಿಡಿಸುತ್ತಿದ್ದ ಇಬ್ಬರು. ಮೇಲೆ ಬಂಡೆಗೆ ದೊಡ್ಡ ಹೆಜ್ಜೇನಿನ ಗೂಡು. ಗೂಡಿನಲ್ಲಿ ಹುಳುಗಳಿರಲಿಲ್ಲ. ಅವು ನಮ್ಮ ಕಡೆಗೆ ಬರುತ್ತಿದ್ದವು.

"ಓಡ್ರೀ!" ಈ ಸಲ ಕೂಗಿದವರು ಮಾಬುಸಾಬರು. ಅವರು ಓಡಿದರು. ನಾನೂ ಓಡಿದೆ. ಬೀಗರಾಗುವವರು ಮೈತುಂಬ ಅತ್ತರು ಹಚ್ಚಿಕೊಂಡು ಬಂದಿದ್ದರು. ಆ ಜೇನುಹುಳುಗಳಷ್ಟು ಏಕಾಗ್ರತೆಯಿಂದ ವಾಸನೆ ಗಮನಿಸುವವರನ್ನು ನಾನು ಯಾವ ವಿಡಿಯೋದಲ್ಲೂ ನೋಡಿಲ್ಲ!

ದವಾಖಾನೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಮನೆಗೆ ಬಂದಾಗ ಹುಡುಗ ಬಾಗಿಲಲ್ಲಿ ನಿಂತಿದ್ದ. ಹೆತ್ತ ಅಪ್ಪನನ್ನೇ ನೋಡಿ, "ಯಾರ್ ಬೇಕಾಗಿತ್ರಿ?" ಎಂದ.

ರಜಿಯಾ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಮುಗೀತು. ಇಂಥಾ ಚಲೋ ಸಂಬಂಧ ಕೆಡಿಸಿಬಿಟ್ರಿ!"

ಮಾಬುಸಾಬರು ಊದಿದ ತುಟಿಯನ್ನು ಕಷ್ಟಪಟ್ಟು ಅಲ್ಲಾಡಿಸಿದರು. "ಹುಡುಗಿ ನಮಗ ಪಸಂದ್ ಅದಾಳ. ಆದ್ರ ಒಂದ ಷರತ್ತು."

"ಏನ್ರಿ ಅದು?" ಎಂದು ನಾನು ಮುಂದೆ ಬಾಗಿದೆ.

"ಇನ್ನ ಮುಂದ ಬೀಗರು ನನ್ನ ಅಡ್ಡಾಡಾಕ ಕರೀಬಾರ್ದು."

ಒಳಗಿನಿಂದ ನೂರಿ ಕಿಸಕ್ಕನೆ ನಕ್ಕಳು. ಬಾಗಿಲಲ್ಲಿದ್ದ ಹುಡುಗನೂ ನಕ್ಕ. ಮದುವೆ ನಿಶ್ಚಯವಾದದ್ದು ಬಹುಶಃ ಅಲ್ಲೇ.

ಆಮೇಲೆ ಊಟಕ್ಕೆ ಕೂತೆವು. ಬಿರಿಯಾನಿಯ ಘಮ ಬೀದಿಯ ತನಕ ಹೋಗಿದೆ ಎಂದು ಎಲ್ಲರೂ ಹೊಗಳಿದರು. ನನ್ನ ಮೂಗು ಬದನೆಕಾಯಿಯಷ್ಟಾಗಿ ಪೂರ್ತಿ ಮುಚ್ಚಿಹೋಗಿತ್ತು. ಅವರ ಮಾತನ್ನೇ ನಂಬಿ ಉಂಡೆದ್ದೆ.