ಒಂದೇ ಸೀಟಿನ ಕ್ರೂಸರ್

ಮದುವೆಯಾದಂದಿನಿಂದ ಗುಮಾಸ್ತರು ಹ್ಯಾಂಡಲ್ ಹಿಡಿದಿದ್ದರೇ ಹೊರತು ಗಾಡಿ ಓಡಿಸಿದ್ದು ಹಿಂದೆ ಕೂತ ಹೆಂಡತಿ. "ಎಡಕ್ಕೆ ತಗೊಳ್ಳಿ", "ಬಸ್ಸು ಬಂತು", "ಬ್ರೇಕ್ ಹಿಡೀರಿ". ಬೆನ್ನುನೋವನ್ನಾದರೂ ಸಹಿಸಬಹುದಿತ್ತು, ಬೆನ್ನ ಹಿಂದಿನ ಈ ನೋವನ್ನಲ್ಲ. ಕೇಳಿ ಕೇಳಿ ಬಳಲಿ ಬೆಂಡಾದ ಗುಮಾಸ್ತರು ಕೊನೆಗೆ ತಮ್ಮ ಹಳೆಯ ಮೋಟಾರ್‌ಸೈಕಲ್ಲನ್ನು ಮೆಕ್ಯಾನಿಕ್ಕಿಗೆ ಒಪ್ಪಿಸಿ, ಕ್ರೂಸರ್ ಮಾಡಿಕೊಡಲು ಹೇಳಿದರು. ಉದ್ದ ಮೂತಿ, ತಗ್ಗಿನ ಸೀಟು, ಅಗಲ ಹ್ಯಾಂಡಲ್, ಕಾಲು ಚಾಚಿ ಕೂರುವ ವೈಭೋಗ. ಸೀಟು ಮಾತ್ರ ಒಂದೇ. (ಇಡೀ ವಿನ್ಯಾಸದ ತಿರುಳೇ ಅದು. ಮೆಕ್ಯಾನಿಕ್ಕಿಗೆ "ಅಂದಕ್ಕೆ" ಎಂದಿದ್ದರು.)

"ಕೈಕಾಲಿನ ಅಳತೆ ತನ್ನಿ ಸಾರ್. ನಿಮ್ಮ ಮೈಗೆ ಹೊಂದೋ ಹಾಗೆ ಮಾಡ್ತೀನಿ," ಎಂದ ಮೆಕ್ಯಾನಿಕ್.

ಮನೆಯಲ್ಲೇ ಟೈಲರ್ ಇರುವಾಗ ಚಿಂತೆಯೇನು? ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಡತಿ ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಟೇಪು ಹಿಡಿದು ಅಳೆದು ಬರೆದುಕೊಟ್ಟಳು. ಒಂದು ಮಾತೂ ಆಡಲಿಲ್ಲ. ಗುಮಾಸ್ತರಿಗೆ ಆಗಲೇ ಅನುಮಾನ ಬರಬೇಕಿತ್ತು.

ಗಾಡಿ ಸಿದ್ಧವಾದ ದಿನ ಇಬ್ಬರೂ ಗ್ಯಾರೇಜಿಗೆ ಹೋದರು. ಎಂಜಿನ್ ಅವಸರವಿಲ್ಲದೆ ಗುಡುಗುಡು ಎನ್ನುತ್ತಿತ್ತು. ಗುಮಾಸ್ತರು ಸಿಂಹಾಸನಾರೂಢರಾದರು. ಕೈ ಚಾಚಿದರೆ ಹ್ಯಾಂಡಲ್‌ಗೆ ಬೆರಳ ತುದಿ ಮಾತ್ರ ತಾಗಿತು. ಕಾಲು ಚಾಚಿದರೆ ಬ್ರೇಕು ಇನ್ನೂ ಆಚೆಗಿತ್ತು.

"ಏನೇ ಇದು ಅಳತೆ?"

"ಸರಿಯಾಗೇ ಇದೆ. ನಾಲ್ಕಿಂಚು ಹೆಚ್ಚಿಗೆ ಬಿಟ್ಟಿದ್ದೀನಿ ಅಷ್ಟೆ. ಯಾವಾಗಲೂ ಬಿಡ್ತೀನಿ, ಬೆಳೆಯೋ ಮಕ್ಕಳಲ್ವಾ."

"ಈ ವಯಸ್ಸಲ್ಲಿ ನಾನು ಬೆಳೀತೀನೇನೇ?"

"ಒಗೆದ ಮೇಲೆ ಕುಗ್ಗುತ್ತಲ್ಲ, ಅದಕ್ಕೂ ಸೇರಿಸಿ."

"ಕಬ್ಬಿಣ ಕಣೇ..." ಎನ್ನುತ್ತಾ ಗುಮಾಸ್ತರು ಸಿಂಹಾಸನದಿಂದ ಇಳಿದರು.

ಬೆಸುಗೆ ಹಾಕಿದ್ದನ್ನು ಬಿಚ್ಚುವುದೆಂದರೆ ಮೊದಲಿನಿಂದ ಮಾಡಿದಂತೆಯೇ ಎಂದು ಮೆಕ್ಯಾನಿಕ್ ತಲೆ ಕೆರೆದುಕೊಂಡ. ಗುಮಾಸ್ತರಿಗಿಂತ ಗೇಣುದ್ದ ಎತ್ತರದ ಅವರ ಹೆಂಡತಿಯತ್ತ ನೋಡಿದ. (ಮದುವೆಯ ಫೋಟೋದಲ್ಲಿ ಗುಮಾಸ್ತರು ನಿಂತಿರುವುದು ಮೆಟ್ಟಿಲ ಮೇಲೆ.)

"ಅಕ್ಕ, ನೀವೊಂದ್ಸಲ ಕೂತ್ಕೊಳ್ಳಿ."

ಕೂತಳು. ಮೈಗೆ ಹೊಲಿದಂತೆ ಹೊಂದಿತು. ಗಾಡಿ ಓಡಿಸುವುದನ್ನು ಮದುವೆಗೆ ಮುಂಚೆಯೇ ಕಲಿತವಳು ಬೇರೆ. ಗುಮಾಸ್ತರಿಗೆಂದು ಮೆಕ್ಯಾನಿಕ್ ಹಿಂದಿನ ಮಡ್‌ಗಾರ್ಡ್ ಮೇಲೆ ಪುಟ್ಟದೊಂದು ಮೆತ್ತೆ ಕೂರಿಸಿಕೊಟ್ಟ.

ಮರುದಿನ ಆಫೀಸಿಗೆ ಸವಾರಿ ಹೊರಟಿತು. ನೇರ ರಸ್ತೆಯಲ್ಲಿ ಗಾಡಿ ದೋಣಿಯಂತೆ ತೇಲಿತು. ತಿರುವಿನಲ್ಲಿ ಮಾತ್ರ ಅದರ ಉದ್ದ ಮೂತಿಗೆ ಅರ್ಧ ರಸ್ತೆ ಬೇಕಾಯಿತು. ಎದುರಿಗೊಂದು ಬಸ್ಸು ಕಾಣಿಸಿತು.

"ಬ್ರೇಕ್ ಹಿಡಿಯೇ. ಎಡಕ್ಕೆ, ಎಡಕ್ಕೆ ತಗೋ," ಎಂದುಬಿಟ್ಟರು ಗುಮಾಸ್ತರು.

ಹೆಂಡತಿ ಗಾಡಿಯನ್ನು ಬದಿಗೆ ನಿಲ್ಲಿಸಿ, ನಿಧಾನವಾಗಿ ಹಿಂದಿರುಗಿ ನೋಡಿದಳು.

"ಹಿಂದೆ ಕೂತೋರು ಸುಮ್ಮನಿದ್ರೆ ಮುಂದಿರೋರಿಗೆ ಎಷ್ಟು ನೆಮ್ಮದಿ, ಗೊತ್ತಾ ನಿಮಗೆ?"

ಗುಮಾಸ್ತರಿಗೆ ಗೊತ್ತಿತ್ತು. ಅವರಷ್ಟು ಚೆನ್ನಾಗಿ ಆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೆತ್ತೆಯ ಮೇಲೆ ಸರಿಯಾಗಿ ಕೂತು, ಬಾಯಿ ಮುಚ್ಚಿಕೊಂಡರು.