ಸೊಟ್ಟ ಕಾಲಿನ ಸ್ಟೂಲು

ಬಡಗಿಯ ಸ್ಟೂಲು ಅಲುಗಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಕೈಕೆಲಸದ ಸ್ಟೂಲುಗಳಿಗೆ ಆರ್ಡರು ಕೊಡಲು ವಿದೇಶಿ ಕಂಪನಿಯ ಪರವಾಗಿ ಬಂದಿದ್ದ ಮೇಡಂ ಅದರ ಮೇಲೆ ಕೂತು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಸ್ಟೂಲು ಹಠಮಾರಿ ಎತ್ತಿನ ಹಾಗೆ ನಿಂತೇ ಇತ್ತು.

"ಇದು ಯಂತ್ರದ್ದು ಅನ್ಸುತ್ತೆ."

"ಅಯ್ಯೋ, ನನ್ನ ಕೈಯಾರೆ ಮಾಡಿದ್ದು ಮೇಡಂ!"

"ಇರಬಹುದು. ಆದ್ರೆ ಕೂತವ್ರಿಗೆ ಗೊತ್ತಾಗ್ಬೇಕಲ್ಲ? ನಮ್ಮ ಗಿರಾಕಿಗಳ ಮನೇಲಿ ಎಲ್ಲಾ ನೆಟ್ಟಗಿದೆ, ಪಾಪ, ಬೇಜಾರಾಗಿಬಿಟ್ಟಿದೆ. ಕೈಕೆಲಸ ಅಂದ್ರೆ ಸ್ವಲ್ಪ ಅಲುಗಬೇಕು. ಸಂಜೆ ಬರ್ತೀನಿ."

ಹಡಗಿನಲ್ಲಿ ಬಂದಿಳಿದ ಪ್ಲಾಸ್ಟಿಕ್ ಕುರ್ಚಿಗಳು ಬೀದಿಯ ಮನೆಮನೆಯನ್ನೂ ಹೊಕ್ಕ ಮೇಲೆ ಬಡಗಿಯ ಬಾಗಿಲಿಗೆ ಬರುತ್ತಿದ್ದವರು ವಿಳಾಸ ಕೇಳುವವರು ಮಾತ್ರ. ಈ ಆರ್ಡರೂ ತಪ್ಪಿದರೆ ಅಂಗಡಿ ಮುಚ್ಚಿ ಭಾವಮೈದುನನ ಕುರ್ಚಿ ಮಳಿಗೆಯಲ್ಲಿ ಧೂಳು ಒರೆಸಬೇಕು. ಆ ಮಹಾರಾಯ ಆಗಲೇ ಭಾವನ ಅಳತೆಗೆ ಸಮವಸ್ತ್ರ ಹೊಲಿಸಿಟ್ಟಿದ್ದ.

ಒಂದು ಕಾಲು ಕೊಂಚ ಗಿಡ್ಡವಾದರಾಯಿತು ಎಂದುಕೊಂಡು ಬಡಗಿ ಗರಗಸ ಹಿಡಿದ. ಆದರೆ ಪಳಗಿದ ಕೈ, ಮಾತು ಕೇಳಬೇಕಲ್ಲ! ಅವನಿಗೆ ಅರಿವಿಲ್ಲದೆಯೇ ಉಳಿದ ಮೂರು ಕಾಲನ್ನೂ ಅದಕ್ಕೆ ಸರಿಸಮ ಕೊಯ್ದುಬಿಟ್ಟಿತು. ಮತ್ತೆ ಕೊಯ್ದ. ಮತ್ತೂ ಕೊಯ್ದ. ಮಧ್ಯಾಹ್ನದ ಹೊತ್ತಿಗೆ ಸ್ಟೂಲು ಮಣೆಯಾಗಿತ್ತು.

"ರೀ, ಕಣ್ಣು ಕಟ್ಕೊಂಡು ಕೊಯ್ಯಿರಿ," ಎಂದು ಹೆಂಡತಿ ಟವೆಲ್ ಕೊಟ್ಟಳು. ಇನ್ನೊಂದು ಸ್ಟೂಲು ತಂದು ಕಣ್ಣು ಕಟ್ಟಿಕೊಂಡು ಕೊಯ್ದ. ಮೊದಲಿಗಿಂತ ನೆಟ್ಟಗಾಯಿತು.

ಎದುರಿನ ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಓಡಿಬಂದ. "ಅಣ್ಣ, ಅತ್ತಿಗೆ ಜೊತೆ ಜಗಳ ಆಡ್ತಾ ಕೊಯ್ಯಿ. ಕೈ ತಾನಾಗೇ ನಡುಗುತ್ತೆ."

"ಮದುವೆ ಆದಾಗಿನಿಂದ ಹಾಗೇ ಕೊಯ್ತಿರೋದು ಕಣೋ!"

ಅಷ್ಟರಲ್ಲಿ ಭಾವಮೈದುನ ಸಮವಸ್ತ್ರದ ಸಮೇತ ಹಾಜರಾದ. "ಸುಮ್ನೆ ಯಾಕೆ ಭಾವ ಕಷ್ಟ? ಇದನ್ನೊಮ್ಮೆ ಹಾಕ್ಕೊಂಡು ನೋಡಿ."

ಬಡಗಿಗೆ ಮೈಯೆಲ್ಲ ಉರಿದುಹೋಯಿತು. ಗರಗಸವನ್ನು ಕಟಿಂಗ್ ಶಾಪಿನವನ ಕೈಗೆ ತುರುಕಿದ. "ನೀನೇ ಕೊಯ್ಯೋ. ಜನರ ತಲೆಗೆ ಏನು ಮಾಡ್ತೀಯೋ, ಇದಕ್ಕೂ ಅದನ್ನೇ ಮಾಡು."

ಅವನು ಮಾಡಿದ.

ಸಂಜೆ ಮೇಡಂ ಬಂದು ಕೂತರು. ಸ್ಟೂಲು ಕುಂಟಿತು, ಮುಗ್ಗರಿಸಿತು, ಅವರನ್ನು ಮರದ ಹೊಟ್ಟಿನ ರಾಶಿಗೆ ಎಸೆದು ತಾನೂ ಮೇಲೆ ಬಿತ್ತು. ಬಡಗಿ ಕಣ್ಣು ಮುಚ್ಚಿಕೊಂಡ.

"ಆಹಾ!" ಎಂದಿತು ಹೊಟ್ಟಿನ ರಾಶಿ. "ಇದಪ್ಪಾ ಕೈಕೆಲಸ!"

"ಹಾಗಾದ್ರೆ ಆರ್ಡರು, ಮೇಡಂ?"

"ಸ್ಯಾಂಪಲ್ ಪಾಸು! ಇದನ್ನ ನಮ್ಮ ಕಾರ್ಖಾನೆಗೆ ಕಳಿಸ್ತೀವಿ. ಯಂತ್ರ ಇದೇ ಥರ ಸಾವಿರಾರು ಮಾಡುತ್ತೆ. ಒಂದೊಂದೂ ಕೂತವ್ರನ್ನ ಹೀಗೇ ಬೀಳಿಸುತ್ತೆ."

ಬಡಗಿ ಬಿದ್ದಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿದ. "ಮತ್ತೆ... ನಾನು?"

"ನಿಮ್ಮನ್ನ ಬಿಡ್ತೀವಾ? ಎಷ್ಟಾದ್ರೂ ಯಂತ್ರ ನೋಡಿ, ಆಗಾಗ ತಪ್ಪಿ ನೆಟ್ಟಗಿರೋದನ್ನೇ ಮಾಡ್ಬಿಡುತ್ತೆ. ಅದನ್ನ ಸೊಟ್ಟ ಮಾಡೋಕೆ ಅನುಭವಸ್ಥರು ಬೇಕು. ನಮ್ಮೆದುರಿಗೆ ಒಂದೇ ಒಂದು ಕಾಲು ಕೊಯ್ದು ತೋರಿಸಿ, ಕೆಲಸ ಖಾಯಂ."

ಬಡಗಿ ತನ್ನ ಕೈಗಳನ್ನು ನೋಡಿಕೊಂಡ. ತಲೆಯೆತ್ತುವಷ್ಟರಲ್ಲಿ ಕಟಿಂಗ್ ಶಾಪಿನವನು ಮುಂದೆ ಬಂದು, ಕೂದಲು ಸರಿಮಾಡಿಕೊಂಡು, ವಿನಯದಿಂದ ಕೈಕಟ್ಟಿ ನಿಂತಿದ್ದ.

"ಮೇಡಂ, ಸುಳ್ಳು ಹೇಳಬಾರದು. ಆ ಕಾಲು ಕೊಯ್ದವನು ನಾನು. ಯಾವತ್ತು ಹೊರಡ್ಬೇಕು?"