ಪೌಡರ್ ಡಬ್ಬಿಯ ಇಂಜಿನ್ನು

ಗುಮಾಸ್ತನಾದವನಿಗೆ ಒಂದು ಹುಚ್ಚು ಇರಲೇಬೇಕು. ಕೆಲವರಿಗೆ ಇಸ್ಪೀಟು, ಕೆಲವರಿಗೆ ಊರ ಪಂಚಾಯಿತಿ. ಚಾಮರಾಜನಗರದ ಮರದ ಕಂಟ್ರಾಕ್ಟರರೊಬ್ಬರ ಕಚೇರಿಯಲ್ಲಿ ದಿಮ್ಮಿಗಳಿಗೆ ನಂಬರು ಹಾಕಿಕೊಂಡಿದ್ದ ನನಗೆ ರೈಲು ಇಂಜಿನ್ನು. ನಿಜವಾದದ್ದಲ್ಲ, ಮೇಜಿನ ಮೇಲೆ ಕೂರುವಂಥದ್ದು, ನಾನೇ ಕೈಯಾರೆ ಮಾಡುವಂಥದ್ದು.

ರಾಜ್ಯ ಒಂದಾದ ಹೊಸದರಲ್ಲಿ ಯಜಮಾನರ ಜೊತೆ ಮಲೆಯಾಳದ ಕಾಡಿಗೆ ಹೋಗಿದ್ದಾಗ ದಿಮ್ಮಿ ಎಳೆಯುವ ಒಂದು ಇಂಜಿನ್ನು ಕಂಡೆ. ಬಾಯ್ಲರು ನಡುವಿನಲ್ಲಿಲ್ಲ, ಎಡಕ್ಕೆ ಸರಿದು ಕೂತಿದೆ. ಸಿಲಿಂಡರುಗಳು ಮಲಗುವ ಬದಲು ಬಲಗಡೆ ಸಾಲಾಗಿ ನಿಂತಿವೆ. ಜಗಳವಾಡಿ ಮಗ್ಗುಲು ತಿರುಗಿ ಮಲಗಿದ ಗಂಡನಂಥ ಆ ವಕ್ರ ಇಂಜಿನ್ನಿಗೆ ನಾನು ಮರುಳಾದೆ. ಪೌಡರ್ ಡಬ್ಬಿ ಬಾಯ್ಲರಾಯಿತು. ಮನೆಯ ಅಲಾರಂ ಗಡಿಯಾರ ತನ್ನ ಹಲ್ಲುಚಕ್ರಗಳನ್ನು ಕೊಟ್ಟು ಪ್ರಾಣ ಬಿಟ್ಟಿತು. ಬೆಸುಗೆಗೆಂದು ಭಾನುವಾರಗಳಂದು ಗುಂಡ್ಲುಪೇಟೆಯ ತಗಡಿನ ಸಾಹೇಬರ ಅಂಗಡಿಗೆ ಬಸ್ಸು. ಅಡಿಗೆ ಅರ್ಧ ಇಂಚಿನ ಲೆಕ್ಕ, ಕೂದಲೆಳೆಯಷ್ಟೂ ತಪ್ಪಬಾರದು. "ಈವತ್ತು ನಾನು ಉಟ್ಟಿರೋ ಸೀರೆ ಬಣ್ಣ ಯಾವುದು, ನೋಡದೆ ಹೇಳಿ" ಎಂದಳು ನನ್ನ ಹೆಂಡತಿ. ನಾನು ಡಬ್ಬಿಯ ಅಳತೆಗೆ ತಿರುಗಿದೆ.

ಕಾಡಿನ ಆ ನಿಜವಾದ ಇಂಜಿನ್ನಿನಲ್ಲಿ ಬ್ರೇಕು ಹಿಡಿಯುತ್ತಿದ್ದವನು ತೆರಕಣಾಂಬಿಯ ನಂಜಯ್ಯ. ಮರುವರ್ಷದ ಮಳೆಯಲ್ಲಿ, ಇಳಿಜಾರಿನಲ್ಲಿ, ಬ್ರೇಕು ನಿಲ್ಲಲಿಲ್ಲ. ದಿಮ್ಮಿಗಳು ಅವನ ಮೇಲೆ ಉರುಳಿದವು. ಅಲ್ಲೇ ಮಣ್ಣು ಮಾಡಿದರು. ಮನೆಗೆ ಬಂದದ್ದು ಕಚೇರಿಯಿಂದ ನಾನು ಬರೆದ ಕಾಗದ ಮಾತ್ರ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅದಾದ ಮೇಲೂ ನಾನು ಅವನ ಹೆಂಡತಿ ಸಿದ್ದಮ್ಮನ ಬಾಗಿಲಿಗೆ ಹೋಗಿ, ನನ್ನ ಇಂಜಿನ್ನಿನ ಸುದ್ದಿ ಹೇಳಿ, ಬ್ರೇಕಿನ ಹಿಡಿ ಎಷ್ಟುದ್ದ ಇತ್ತೆಂದು ಗಂಡ ಏನಾದರೂ ಹೇಳಿದ್ದನೇ ಎಂದು ವಿಚಾರಿಸಿದೆ.

"ಇಂಜಿನ್ ಮಾತೇ ಎತ್ತುತಿರ್ನಿಲ್ಲ ಸಾಮಿ. ಮನ್ಗೆ ಬಂದ್ರೆ ಉಂಡು ಮನಿಕ್ಕಳೋರು" ಎಂದಳು.

ಆ ವರ್ಷದ ಪಕ್ಷದ ಹೊತ್ತಿಗೆ ಇಂಜಿನ್ನು ಮುಗಿಯಿತು. ಪಕ್ಷದಲ್ಲಿ ತೀರಿಕೊಂಡವರ ಬಟ್ಟೆಬರೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಸಿದ್ದಮ್ಮ ಕಚೇರಿಗೇ ಬಂದಳು. "ಅವ್ರದು ಅಂತ ಒಂದ್ ಪಂಚೆನೂ ವಾಪಸ್ ಬರ್ನಿಲ್ಲ. ನಿಮ್ ಇಂಜಿನ್ನಾರ ಒಂದಿನ ತನ್ನಿ ಸಾಮಿ, ಅದ್ರ ಮುಂದ್ಕೇ ಎಡೆ ಇಡ್ತೀನಿ."

ವಡೆಯ ಎಣ್ಣೆ ಬಣ್ಣಕ್ಕೆ ತಾಗೀತೆಂದು ನನ್ನ ಜೀವ ಹೊಡೆದುಕೊಂಡಿತು. ಆದರೂ ಇಲ್ಲವೆನ್ನಲಾಗದೆ ತೊಡೆಯ ಮೇಲಿಟ್ಟುಕೊಂಡು ತೆರಕಣಾಂಬಿಗೆ ಒಯ್ದೆ.

ಆಕೆ ಇಂಜಿನ್ನನ್ನು ಬಹಳ ಹೊತ್ತು ನೋಡಿದಳು. "ಇಷ್ಟೊಂದ್ ಚೆಂದಾಗದಾ ಇದು?" ಎಂದಳು. ಆಮೇಲೆ ಮುದ್ದೆ, ಸಾರು, ವಡೆ, ಒಂದು ಕಟ್ಟು ಬೀಡಿ ಇದ್ದ ಎಲೆಯನ್ನು ಅದರ ಎಡಮಗ್ಗುಲಿಗೆ ಇಟ್ಟು, "ಬನ್ನಿ, ಉಣ್ಣಿ" ಎಂದು ಅತ್ತಳು. ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ನಾನು ಎತ್ತಿದೆ.

"ಆ ಕಡೆ ಅಲ್ಲಮ್ಮ. ಬ್ರೇಕಿನವನು ನಿಲ್ಲೋದು ಬಲಗಡೆ."

ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎಲೆಯನ್ನು ಎತ್ತಿ ಬಲಕ್ಕೆ ತಂದಿಟ್ಟಳು. ನನಗೆ ಕೈಮುಗಿದು, "ನೀವ್ ಏಳ್ದಿದ್ರೆ ಅಸ್ಕಂಡೇ ಓಗ್ಬುಡೋರು ಸಾಮಿ" ಎಂದಳು.

ಅವನ ಹಸಿವಿನ ಚಿಂತೆಯಿಂದ ನಾನು ಬಾಯಿ ತೆರೆದೆನೆಂದು ಆಕೆ ತಿಳಿದಳು. ಆ ಒಂದು ತಪ್ಪನ್ನು ಮಾತ್ರ ನಾನು ತಿದ್ದಲು ಹೋಗಲಿಲ್ಲ.